ಬಿಳಿ ಎಳ್ಳೋ, ಕರಿ ಎಳ್ಳೋ? ಎರಡನ್ನೂ ಬಿತ್ತಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಳಿ ಎಳ್ಳಿಗೆ. ಪೆಟ್ಟು ಕೊಟ್ಟಿದ್ದೂ ಅದೇ.

ಬಸವನ ಬಾಗೇವಾಡಿ ಹತ್ತಿರ ನಮ್ಮ ಹೊಲ. ಎರಡು ಮುಂಗಾರಿನ ಹಿಂದೆ ಅರ್ಧ ಎಕರೆ ಬಿಳಿ, ಬದುವಿನ ಆಚೆ ಅರ್ಧ ಎಕರೆ ಕರಿ ಬಿತ್ತಿದೆ. ಕೆಲಸ ಎರಡಕ್ಕೂ ಒಂದೇ. ಮರಳು ಬೆರೆಸಿ ಬಿತ್ತಬೇಕು, ಕೊಯ್ಲು ತಡವಾದರೆ ಕಾಯಿ ಬಾಯಿಬಿಟ್ಟು ಕಾಳು ನೆಲಕ್ಕೆ ಸುರಿಯುತ್ತದೆ.

ಬಿಳಿ ಎಳ್ಳಿನಲ್ಲಿ ಎರಡು ಕೆಜಿ ಬೀಜಕ್ಕೆಂದು ತೆಗೆದಿಟ್ಟೆ. ಹುಡುಕಿದರೂ ಒಂದು ಬೇರೆ ಬಣ್ಣದ ಕಾಳಿರಲಿಲ್ಲ. ಮರುವರ್ಷ ಅದನ್ನಷ್ಟೇ ಬಿತ್ತಿದೆ. ರಾಶಿ ಮಾಡಿದಾಗ ನೋಡಿದರೆ ಬಿಳಿಯ ನಡುವೆ ಕಂದು ಕಾಳು! ದಲಾಲಿ ಅಂಗಡಿಯಲ್ಲಿ ಒಂದು ಹಿಡಿ ಅಂಗೈ ಮೇಲೆ ಹರಡಿ ನೋಡಿ ‘ಬೆರಕಿ ಮಾಲು’ ಅಂದರು. ರೇಟು ಇಳಿಯಿತು. ಮನೆಗೆ ಬಂದು ಅವ್ವನ ಮೇಲೆ ಹರಿಹಾಯ್ದೆ, ಡಬ್ಬಿ ಅದಲುಬದಲು ಮಾಡಿದ್ದೀ ಅಂತ. ‘ನಾ ಯಾಕ ಬೆರಸ್ಲೋ, ನಿನ್ನ ಹೊಲಾನ ನೋಡ್ಕೋ ಹೋಗು’ ಅಂದಳು.

ಅವ್ವ ಹೇಳಿದ್ದೇ ಸರಿ. ಎಳ್ಳಿನ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೂ ಜೇನುನೊಣ ಬದುವಿಗೆ ಬೆಲೆ ಕೊಡುವುದಿಲ್ಲ, ಅಲ್ವಾ? ಕರಿ ಹೂವಿನ ಪರಾಗ ಬಿಳಿ ಗಿಡಕ್ಕೆ ಬಿದ್ದಿತ್ತು. ಆ ವರ್ಷ ಅದು ಕಾಣಲಿಲ್ಲ ಯಾಕೆಂದರೆ, ಕಾಳಿನ ಸಿಪ್ಪೆ ತಾಯಿ ಗಿಡದ್ದು. ಒಳಗಿನ ಮೊಳಕೆಗೆ ಮಾತ್ರ ಅಪ್ಪನ ಪಾಲು. ಹಾಗಾಗಿ ಹೊರಗಿನಿಂದ ಅಪ್ಪಟ ಬಿಳಿ, ಒಳಗೆ ಬೆರಕೆ. ಅದನ್ನು ಬಿತ್ತಿ ಗಿಡವಾಗಿ ಅದು ತನ್ನದೇ ಸಿಪ್ಪೆ ಕಟ್ಟಿದಾಗ ಗುಟ್ಟು ಬಯಲಾಯಿತು. ಎಳ್ಳಿನ ಬಣ್ಣ ಒಂದೇ ಜೀನಿನ ಆಟವಲ್ಲ, ಆದರೆ ಸಾಮಾನ್ಯವಾಗಿ ಗಾಢ ಬಣ್ಣದ್ದೇ ಮೇಲುಗೈ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಅದಕ್ಕೆ ಕಾರಣವಾದ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೈವಾಡ ಕರಿ ಎಳ್ಳಿನಲ್ಲೂ ಇದೆ. ನಮ್ಮ ಅಗಸಿಯಲ್ಲೂ ಸಾಮಾನ್ಯವಾಗಿ ಕಂದು ಬಣ್ಣ ಹಳದಿಯನ್ನು ಹೀಗೇ ಮುಚ್ಚಿಹಾಕುತ್ತದೆ.

ಹಾಗಾದರೆ ಕರಿಯೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ನನಗಲ್ಲ. ಕರಿ ಗಿಡಕ್ಕೆ ಬಿಳಿ ಪರಾಗ ಬಿದ್ದರೆ ಮರುವರ್ಷವೂ ಗಾಢ ಬಣ್ಣದ ಕಾಳೇ ಬರುತ್ತದೆ, ಸುಲಭವಾಗಿ ಗೊತ್ತೇ ಆಗುವುದಿಲ್ಲ. ಇನ್ನೂ ಒಂದು ವರ್ಷ ಕಳೆದ ಮೇಲೆ ಬಣ್ಣ ಒಡೆಯುತ್ತದೆ. ಬಿಳಿಯಲ್ಲಿ ತಪ್ಪು ಮರುವರ್ಷವೇ ಸಿಕ್ಕಿಬೀಳುತ್ತದೆ. ಇನ್ನೊಂದು ಅನುಕೂಲ, ಒಂದು ಗಿಡದ ಕಾಳೆಲ್ಲ ಒಂದೇ ಬಣ್ಣ. ಈಗ ಸಿವುಡು ಕಟ್ಟುವ ಮುಂಚೆ, ಬೀಜಕ್ಕೆ ಬಿಟ್ಟ ಸಾಲುಗಳಲ್ಲಿ ಗಿಡಕ್ಕೊಂದು ಮಾಗಿದ ಕಾಯಿ ಬಿಡಿಸಿ ನೋಡುತ್ತೇನೆ. ಕಂದು ಕಂಡರೆ ಆ ಗಿಡ ಬೇರೆ ರಾಶಿಗೆ. ಸೊಂಟ ನೋಯುತ್ತದೆ, ನಿಜ.

ಎಣ್ಣೆ? ಸಾಮಾನ್ಯವಾಗಿ ಬಿಳಿಯಲ್ಲಿ ಸ್ವಲ್ಪ ಜಾಸ್ತಿ. ರುಚಿಯಲ್ಲಿ ಕರಿ ಗಟ್ಟಿ, ಆದರೆ ಸಂಕ್ರಾಂತಿಯ ಸಜ್ಜಿ ರೊಟ್ಟಿ ಮೇಲೆ ಬಿಳಿಯೇ ಚಂದ. ನಮ್ಮ ಕಡೆ ಬಿಳಿಗೆ ಗಿರಾಕಿಯೂ ಜಾಸ್ತಿ.

ಪ್ರತಿ ವರ್ಷ ಹೊಸ ಬೀಜ ಕೊಳ್ಳುವವರಿಗೆ ಈ ತಲೆನೋವು ಇಲ್ಲ, ಅವರು ಯಾವುದನ್ನಾದರೂ ಬಿತ್ತಲಿ. ನಾನು ಮನೆ ಬೀಜದವನು. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಯಿಂದ 50 ಮೀಟರ್ ದೂರ ಬಿಡಬೇಕಂತೆ. ನನ್ನ ಹೊಲಕ್ಕೆ ಅಷ್ಟು ಅಗಲವೇ ಇಲ್ಲ. ಅದಕ್ಕೇ ಬದುವಿನಾಚೆ ಈ ಸಲ ತೊಗರಿ. ಪೂಜೆಗೆ ಬೇಕಾಗುವ ಕರಿ ಎಳ್ಳನ್ನು ಅಂಗಡಿಯಿಂದಲೇ ತರುತ್ತೇನೆ, ವರ್ಷಕ್ಕೆ ಕಾಲು ಕೆಜಿ ಸಾಕು.