ದಿಮ್ಮಿ ಮನೆಯಲ್ಲಿ ಹತ್ತು ವರ್ಷ: ಕೊಳ್ಳುವ ಮುನ್ನ ಎಲ್ಲರೂ ಕೇಳುವ ಪ್ರಶ್ನೆಗಳು

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ನಾಲ್ಕು ಮರಕ್ಕೆ ಮತ್ತು ಸೂರಿಗೆ. ಕಡಿತವಾದ ಒಂದು, ಕಿಟ್ (ಜೋಡಿಸಲು ಸಿದ್ಧವಾಗಿ ಬರುವ ಮನೆಯ ಬಿಡಿಭಾಗಗಳ ಕಟ್ಟು) ಮಾರುವವರ ಬಾಯಿಗೆ.

ನಮ್ಮ ಮನೆ ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಪಶ್ಚಿಮ ಭಾಗದಲ್ಲಿ, ಬೂನ್ ಊರಿಗೆ ಹತ್ತಿರ, ಬ್ಲೂ ರಿಡ್ಜ್ ಬೆಟ್ಟಸಾಲಿನ ಇಳಿಜಾರಿನಲ್ಲಿ. ಗೋಡೆಗಳು ಈಸ್ಟರ್ನ್ ವೈಟ್ ಪೈನ್ ಮರದ ಎಂಟಿಂಚಿನ ದಿಮ್ಮಿಗಳವು. ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ಹೊರಮೈ ದುಂಡಗೆ, ಒಳಮೈ ಚಪ್ಪಟೆಯಾಗಿ ಯಂತ್ರದಲ್ಲಿ ಹೆರೆದ ಈ ಬಗೆಗೆ ಇಲ್ಲಿ ಡಿ-ಲಾಗ್ ಎನ್ನುತ್ತಾರೆ. ಕಟ್ಟಿ ಹತ್ತು ವರ್ಷ ದಾಟಿದೆ. ಕನ್ನಡ ಕೂಟದ ಗೆಳೆಯರಿರಲಿ, ಷಾರ್ಲಟ್‌ನಿಂದ ವಾರಾಂತ್ಯಕ್ಕೆ ಬರುವ ನೆಂಟರಿರಲಿ, ಊರಿನಿಂದ ಫೋನ್ ಮಾಡುವ ಚಿಕ್ಕಪ್ಪನಿರಲಿ, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು.

ಎಷ್ಟಾಯಿತು ಎಂಬುದು ಮೊದಲನೆಯದು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಕಿಟ್‌ನ ಬೆಲೆ ಮಾತ್ರ. ಟ್ರಕ್ಕಿನಲ್ಲಿ ಬರುವುದು ಗೋಡೆಯ ದಿಮ್ಮಿ, ಚಾವಣಿಯ ತೊಲೆ, ಹಲಗೆ, ಕಿಟಕಿ, ಬಾಗಿಲು, ಉದ್ದನೆಯ ತಿರುಪು, ಸಂದಿಗೆ ತುಂಬುವ ಪಟ್ಟಿ ಮತ್ತು ಮೇಣ. ಬಾರದಿರುವುದು ಅಡಿಪಾಯ, ಕೊಳವೆ ಬಾವಿ, ಸೆಪ್ಟಿಕ್ ಟ್ಯಾಂಕ್, ನಲ್ಲಿ, ವಿದ್ಯುತ್, ಹೀಟಿಂಗ್, ಅಡುಗೆಮನೆ ಮತ್ತು ಇವೆಲ್ಲದರ ಕೂಲಿ. ವಾಸಕ್ಕೆ ಸಿದ್ಧವಾದ ಮನೆಗೆ ಕಿಟ್ ಬೆಲೆಯ ಎರಡರಿಂದ ಮೂರು ಪಟ್ಟು ಎಂದು ಲೆಕ್ಕ ಹಾಕಿಕೊಳ್ಳಿ. ನಮ್ಮದು ಮೂರರ ಕಡೆಗೇ ವಾಲಿತು; ಕಾರಣ ಬೆಟ್ಟ. ಮಣ್ಣು ನೀರು ಹೀರುತ್ತದೆಯೇ ಎಂದು ಕೌಂಟಿಯ ಆರೋಗ್ಯ ಇಲಾಖೆ ಪರೀಕ್ಷಿಸಿ ಸೆಪ್ಟಿಕ್‌ಗೆ ಅನುಮತಿ ಕೊಡುವವರೆಗೆ ಇಲ್ಲಿ ಯಾವ ಜಾಗವೂ ಮನೆಯ ಜಾಗವಲ್ಲ. ದಿಮ್ಮಿ ತಂದ ಟ್ರೇಲರ್ ನಮ್ಮ ಜಲ್ಲಿ ಹಾದಿಯ ಮೊದಲ ತಿರುವನ್ನೇ ಹತ್ತಲಿಲ್ಲ. ಕೆಳಗಿನ ರಸ್ತೆಯಲ್ಲಿ ಇಳಿಸಿ, ಬಾಡಿಗೆ ಯಂತ್ರದಲ್ಲಿ ಕಟ್ಟುಕಟ್ಟಾಗಿ ಮೇಲಕ್ಕೆ ಸಾಗಿಸಬೇಕಾಯಿತು. ಆ ಖರ್ಚು ಯಾವ ಕರಪತ್ರದಲ್ಲೂ ಇರುವುದಿಲ್ಲ.

ಸಾಲ ಸಿಗುತ್ತದೆಯೇ? ಸಿಗುತ್ತದೆ, ಗೊಣಗಿಕೊಂಡು. ಕಟ್ಟಡ ಸಾಲವನ್ನು ಬ್ಯಾಂಕು ಕೆಲಸ ಮುಗಿದಂತೆಲ್ಲ ಕಂತಿನಲ್ಲಿ ಬಿಡುತ್ತದೆ. ಕಿಟ್ ಕಂಪನಿ ಮಾತ್ರ ಮುಂಗಡವನ್ನೂ, ಮಾಲು ಇಳಿಸುವ ಹೊತ್ತಿಗೆ ಬಾಕಿಯನ್ನೂ ಕೇಳುತ್ತದೆ. ನೆಲದ ಮೇಲೆ ರಾಶಿ ಬಿದ್ದ ದಿಮ್ಮಿ ಬ್ಯಾಂಕಿನ ಕಣ್ಣಿಗೆ ಇನ್ನೂ ಮನೆಯಲ್ಲ. ಇಂಥ ಮನೆಗಳಿಗೆ ಮೊದಲೇ ಸಾಲ ಕೊಟ್ಟು ರೂಢಿಯಿರುವ ಬ್ಯಾಂಕನ್ನು ಹುಡುಕಿ, ಈ ಕಂತುಗಳ ವಿಷಯವನ್ನು ಬರಹದಲ್ಲೇ ಇತ್ಯರ್ಥ ಮಾಡಿಕೊಂಡು ಮುಂದುವರಿಯಿರಿ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ದಿಮ್ಮಿ ಮನೆಯನ್ನು ಹಾಳು ಮಾಡುವುದು ಬೆಂಕಿಯೂ ಅಲ್ಲ, ಹುಳುವೂ ಅಲ್ಲ, ನೀರು. ಹುಳುವೂ ನೀರಿದ್ದಲ್ಲಿಗೇ ಮೊದಲು ಬರುತ್ತದೆ. ನಮಗೆ ಕಿಟ್ ಮಾರಿದವರು ಎಂಟಿಂಚಿನ ಬದಲು ಹತ್ತಿಂಚಿನ ದಿಮ್ಮಿ ಕೊಳ್ಳಿರೆಂದು ದುಂಬಾಲು ಬಿದ್ದಿದ್ದರು. ಆ ಹಣದಲ್ಲಿ ಸೂರನ್ನು ಮೂರು ಅಡಿಗೆ ಚಾಚಿ, ಎರಡು ಬದಿಗೆ ಜಗಲಿಯ ಮಾಡು ಇಳಿಸಿಕೊಡಿ ಎಂದಾಗ, ಅದು ನೋಟಕ್ಕಷ್ಟೇ ಎಂದರು. ನನ್ನ ತಂದೆ ತೀರ್ಥಹಳ್ಳಿ ಸೀಮೆಯವರು. ಅಲ್ಲಿ ಮರದ ಕಂಬ, ಮರದ ಮುಚ್ಚಿಗೆಯ ಮನೆಗಳು ಆ ಮಳೆಯಲ್ಲಿ ತಲೆಮಾರುಗಟ್ಟಲೆ ನಿಂತಿರುವುದು ತಗ್ಗಿಗೆ ಇಳಿದ ಸೂರಿನಿಂದ, ಎತ್ತರದ ಕಲ್ಲಿನ ಪಂಚಾಂಗದಿಂದ, ಮರಕ್ಕೆ ಬಳಿದ ಗೇರೆಣ್ಣೆಯಿಂದ. ನಕ್ಷೆ ನೋಡಿದ ಅವರು ದಿಮ್ಮಿಯ ದಪ್ಪ ಕೇಳಲೇ ಇಲ್ಲ, ನೀರು ಎಲ್ಲಿ ಬೀಳುತ್ತದೆ ಎಂದಷ್ಟೇ ಕೇಳಿದರು. ನಾವು ಸೂರಿಗೇ ಹಣ ಹಾಕಿದೆವು. ಕೆಳಗಿನ ದಿಮ್ಮಿಯನ್ನು ನೆಲದಿಂದ ಒಂದೂವರೆ ಅಡಿ ಮೇಲೆ ಕೂರಿಸಿದೆವು.

ಫಲಿತಾಂಶ ಗೋಡೆಯ ಮೇಲೆಯೇ ಬರೆದಿದೆ. ಜಗಲಿಯ ಮಾಡಿನಡಿಯ ಉತ್ತರದ ಗೋಡೆಗೆ ಹಚ್ಚಿದ ಬಣ್ಣ ಇನ್ನೂ ಜೇನಿನ ಹೊಳಪಿನಲ್ಲಿದೆ. ಪಶ್ಚಿಮದ್ದು ತ್ರಿಕೋನ ಗೋಡೆ. ಅಲ್ಲಿ ಮಾಡು ಇಳಿಯುವುದಿಲ್ಲವಾದ್ದರಿಂದ ಮಳೆಯೂ ಸಂಜೆಯ ಬಿಸಿಲೂ ನೇರ ಮೈಮೇಲೆ. ಆ ಗೋಡೆಯ ಮೂಲೆಯಲ್ಲಿ ಹೊರಗೆ ಚಾಚಿದ್ದ ಒಂದು ದಿಮ್ಮಿಯ ತುದಿಗೆ ಕಳೆದ ವರ್ಷ ದಬ್ಬಳ ಒತ್ತಿ ನೋಡಿದೆ. ಬಣ್ಣದ ಪದರ ಗಟ್ಟಿಯಾಗಿಯೇ ಇತ್ತು. ದಬ್ಬಳ ಮಾತ್ರ ತಡೆಯಿಲ್ಲದೆ ಎರಡಿಂಚು ಒಳಗೆ ಸರಿಯಿತು. ಎಳೆದಾಗ ಮೊನೆಯಲ್ಲಿ ಒದ್ದೆ ಕಂದು ಪುಡಿ, ಅಣಬೆಯ ವಾಸನೆ. ಕೊಳೆತಷ್ಟನ್ನು ಕೊರೆದು ತೆಗೆದು, ಕೊಳೆ, ಹುಳು ತಡೆಯುವ ಬೋರೇಟ್ ದ್ರಾವಣ ಕುಡಿಸಿ, ಹೊಸ ತುಂಡು ಬೆಸೆದರು. ಒಂದು ತುದಿಗೆ ಮುಗಿದದ್ದು ಪುಣ್ಯ.

ಬಣ್ಣ ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಿದರೆ ಒಂದು ಸಂಖ್ಯೆ ಹೇಳುವವರನ್ನು ನಂಬಬೇಡಿ. ಮೂರರಿಂದ ಐದು ವರ್ಷ ಎಂಬುದು ವಾಡಿಕೆಯ ಮಾತು. ದಕ್ಷಿಣ, ಪಶ್ಚಿಮದ ಗೋಡೆಗಳಿಗೆ ಮೂರೇ ಹೆಚ್ಚಾಗಬಹುದು, ನೆರಳಿನ ಗೋಡೆಗೆ ಐದೂ ಕಡಿಮೆಯೆನಿಸಬಹುದು. ಗೋಡೆಗೆ ನೀರು ಚಿಮುಕಿಸಿ: ಹನಿ ಮಣಿಗಟ್ಟಿ ಜಾರಿದರೆ ಕಾಯಬಹುದು, ಮರ ಹೀರಿ ಕಪ್ಪಾದರೆ ಕಾಯಬಾರದು. ಹಳೆಯ ಬಣ್ಣ ಸುಲಿಯಲು ಇಲ್ಲಿ ಮೆಕ್ಕೆಜೋಳದ ದಿಂಡಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಗೋಡೆಗೆ ಎರಚುತ್ತಾರೆ. ಮರ ಒದ್ದೆಯಾಗದೆ ಬಣ್ಣ ಹೋಗುತ್ತದೆ. ಆದರೆ ಆ ಪುಡಿ ಎಲ್ಲಿಗೆ ನುಗ್ಗುವುದಿಲ್ಲ ಹೇಳಿ! ಕಿಟಕಿಯ ಸಂದಿಗಳಲ್ಲಿ ತಿಂಗಳುಗಟ್ಟಲೆ ಅದರದೇ ರಾಜ್ಯ. ‘ನಿರ್ವಹಣೆಯೇ ಬೇಡ’ ಎಂಬ ಮಾರಾಟದ ಮಾತಿಗೆ ನಾನು ಅಂಕ ಕಡಿದದ್ದು ಇಲ್ಲಿಯೇ.

ಗೋಡೆ ಕುಗ್ಗುತ್ತದಂತೆ, ಹೌದೇ? ಹೌದು. ಮರ ಒಣಗಿದಂತೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಇಲ್ಲ. ಮಲಗಿಸಿದ ದಿಮ್ಮಿಗಳ ಗೋಡೆ ಹಾಗಾಗಿ ತಗ್ಗುತ್ತದೆ, ನಿಲ್ಲಿಸಿದ ಕಂಬ ಇದ್ದಷ್ಟೇ ಇರುತ್ತದೆ. ಹಸಿ ದಿಮ್ಮಿಯಾದರೆ ಒಂದು ಅಂತಸ್ತಿಗೆ ಹಲವು ಇಂಚು. ನಮ್ಮಂಥ ಒಣಗಿಸಿದ ದಿಮ್ಮಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಅದಕ್ಕೆಂದೇ ಕಂಬಗಳ ಬುಡದಲ್ಲಿ ತಿರುಪಿನ ಜ್ಯಾಕ್ ಇರುತ್ತದೆ. ಮೊದಲ ವರ್ಷಗಳಲ್ಲಿ ಸ್ಪ್ಯಾನರ್ ಹಿಡಿದು ಅದರ ನಟ್ಟನ್ನು ಆಗಾಗ ಕಾಲು ಸುತ್ತು ಇಳಿಸುವುದು ನನ್ನ ಭಾನುವಾರದ ಕೆಲಸಗಳಲ್ಲೊಂದಾಗಿತ್ತು. ಕಿಟಕಿ, ಬಾಗಿಲುಗಳ ಮೇಲೆ ಖಾಲಿ ಜಾಗ ಬಿಟ್ಟು ಮೆತ್ತನೆಯ ನಿರೋಧಕ ತುಂಬಿ ಪಟ್ಟಿ ಮುಚ್ಚುತ್ತಾರೆ. ಆ ಪಟ್ಟಿಯನ್ನು ಒಂದೇ ಕಡೆಗೆ ಮೊಳೆ ಹೊಡೆದು ಕೂರಿಸಬೇಕು. ನಮ್ಮ ಗುತ್ತಿಗೆದಾರರ ಬಡಗಿ ಗೋಡೆಗೂ ಚೌಕಟ್ಟಿಗೂ ಸೇರಿಸಿ ಹೊಡೆದಿದ್ದ. ಎರಡನೆಯ ಚಳಿಗಾಲಕ್ಕೆ ಹಿತ್ತಿಲ ಬಾಗಿಲು ತೆರೆಯುವುದನ್ನೇ ನಿಲ್ಲಿಸಿತು. ಮೇಲಿನ ದಿಮ್ಮಿಯ ಭಾರವೆಲ್ಲ ಚೌಕಟ್ಟಿನ ನೆತ್ತಿಗೆ ಬಿದ್ದಿತ್ತು. ಸಾಮಾನ್ಯ ಮನೆ ಕಟ್ಟುವುದರಲ್ಲಿ ಅವರು ಪಳಗಿದವರೇ. ದಿಮ್ಮಿ ಮನೆ ಕಟ್ಟಿ ಅನುಭವವಿದೆಯೇ, ಹಾಗೆ ಕಟ್ಟಿದ್ದರಲ್ಲಿ ಐದು ವರ್ಷ ಹಳೆಯದನ್ನು ತೋರಿಸುತ್ತೀರಾ ಎಂದು ಕೇಳಿಯೇ ಕೆಲಸ ಒಪ್ಪಿಸಿ.

ಮೊದಲ ಚಳಿಗಾಲದ ರಾತ್ರಿಗಳಲ್ಲಿ ಪಟಾಕಿ ಸಿಡಿದಂತೆ ಶಬ್ದ ಬರುತ್ತದೆ. ದಿಮ್ಮಿ ಬಿರುಕು ಬಿಡುವ ಸದ್ದು ಅದು, ಗಾಬರಿ ಬೇಡ, ಬಲಕ್ಕೆ ಕುಂದಿಲ್ಲ. ಹೊರಗಡೆ ಆಕಾಶಕ್ಕೆ ಬಾಯ್ದೆರೆದ ಬಿರುಕುಗಳನ್ನು ಮಾತ್ರ ತುಂಬಬೇಕು, ಏಕೆಂದರೆ ಅವುಗಳಲ್ಲಿ ನೀರು ನಿಲ್ಲುತ್ತದೆ. ಕೆಳಮುಖದ ಬಿರುಕಿಗೆ ಮೇಣ ಮೆತ್ತುವುದು ದಂಡದ ಖರ್ಚು.

ಗೆದ್ದಲಿಗೆ ಇಲ್ಲಿ ಅಡಿಪಾಯದ ಸುತ್ತ ಮಣ್ಣಿಗೆ ಔಷಧಿ ಹಾಕಿಸಿ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುತ್ತೇವೆ. ಅದು ಈವರೆಗೆ ತಂಟೆಗೆ ಬಂದಿಲ್ಲ. ಕಾಟವೆಲ್ಲ ಮರ ಕೊರೆಯುವ ಕಪ್ಪು ದುಂಬಿಯದು. ವಸಂತದಲ್ಲಿ ಹೆಣ್ಣು ದುಂಬಿ ಸೂರಿನಡಿಯ ಹಲಗೆಗೆ ಅರ್ಧ ಇಂಚಿನ, ಡ್ರಿಲ್ಲಿನಿಂದ ತೆಗೆದಷ್ಟು ದುಂಡನೆಯ ರಂಧ್ರ ಕೊರೆದು ಮೊಟ್ಟೆಯಿಡುತ್ತದೆ. ಮರ ತಿನ್ನುವುದಿಲ್ಲ, ಪುಡಿಯನ್ನು ನಮ್ಮ ಕಾಫಿ ಲೋಟಕ್ಕೆ ಉದುರಿಸುತ್ತದೆ. ಅದರ ಮರಿಹುಳುವನ್ನು ಹುಡುಕಿ ಮರಕುಟಿಗ ಬಂದರೆ ಅರ್ಧ ಇಂಚಿನದು ಅಂಗೈಯಗಲವಾಗುತ್ತದೆ.

ಚಳಿ ತಡೆಯುತ್ತದೆಯೇ ಎಂಬುದಕ್ಕೆ ಕಾಗದದ ಉತ್ತರ ಬೇರೆ, ಮನೆಯ ಉತ್ತರ ಬೇರೆ. ಪೈನ್ ಮರದ ಶಾಖ ನಿರೋಧ ಇಂಚಿಗೆ ಸುಮಾರು ಆರ್-1.25ರ ಆಸುಪಾಸು (ಆರ್ ಸಂಖ್ಯೆ ಹೆಚ್ಚಿದಷ್ಟೂ ಶಾಖ ತಡೆಯುವ ಶಕ್ತಿ ಹೆಚ್ಚು). ಎಂಟಿಂಚಿಗೆ ಆರ್-10, ಮರದ ಚೌಕಟ್ಟು ನಿಲ್ಲಿಸಿ ನಡುವೆ ನಿರೋಧಕ ತುಂಬಿದ ಇಲ್ಲಿನ ಸಾಮಾನ್ಯ ಗೋಡೆಗಿಂತ ಕಡಿಮೆ. ಆದರೆ ದಿಮ್ಮಿ ಹಗಲಿನ ಶಾಖವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಮೇರಿಲ್ಯಾಂಡಿನ ಗೇಥರ್ಸ್‌ಬರ್ಗ್‌ನಲ್ಲಿ ಪುಟ್ಟ ಕಟ್ಟಡಗಳನ್ನು ಕಟ್ಟಿ ಅಳೆದಾಗ, ದಿಮ್ಮಿಯದು ನಿರೋಧಕವಿದ್ದ ಚೌಕಟ್ಟಿನ ಕಟ್ಟಡಕ್ಕಿಂತ ವಸಂತದಲ್ಲಿ ಶೇ. 46ರಷ್ಟು ಕಡಿಮೆ ಶಾಖವನ್ನೂ ಬೇಸಿಗೆಯಲ್ಲಿ ಶೇ. 24ರಷ್ಟು ಕಡಿಮೆ ತಂಪನ್ನೂ ಬೇಡಿತು. ಕಡುಚಳಿಯಲ್ಲಿ ಎರಡೂ ಸಮ. ನಮ್ಮ ವಿದ್ಯುತ್ ಬಿಲ್ಲಿನ ಏರಿಳಿತವೂ ಹೀಗೆಯೇ. ಜನವರಿಯಲ್ಲಿ ಬಿಲ್ ಏರಿಸುವುದು ಗೋಡೆಯಲ್ಲ, ಎತ್ತರದ ಚಾವಣಿ: ಬಿಸಿಯೆಲ್ಲ ಅಟ್ಟದಲ್ಲಿ, ಕಾಲು ಕೆಳಗೆ ಮರಗಟ್ಟುತ್ತದೆ. ಫ್ಯಾನನ್ನು ಹಿಮ್ಮುಖ ತಿರುಗಿಸಿದ ಮೇಲೆ ಸುಮಾರು ಸುಧಾರಿಸಿತು.

ಬೆಂಕಿಯ ಭಯ ಎಲ್ಲರಿಗೂ. ದಪ್ಪ ದಿಮ್ಮಿಯ ಮೇಲ್ಪದರ ಇದ್ದಿಲಾಗಿ ಒಳಗಿನ ಮರವನ್ನು ಕಾಯುತ್ತದೆ. ಗಂಟೆಗೆ ಸುಮಾರು ಒಂದೂವರೆ ಇಂಚಿನ ವೇಗದಲ್ಲಿ ಸುಡುತ್ತದೆ. ವಿಮೆಯವರು ಗೋಡೆಗಿಂತ ಹೆಚ್ಚಾಗಿ ವಿಚಾರಿಸಿದ್ದು ಅಗ್ನಿಶಾಮಕ ಠಾಣೆ ಎಷ್ಟು ದೂರ ಎಂದು.

ದಿನನಿತ್ಯದ ಮಾತು. ಸ್ವಿಚ್ಚು, ಪ್ಲಗ್ಗುಗಳ ಜಾಗವನ್ನು ದಿಮ್ಮಿ ಪೇರಿಸುವ ಮೊದಲೇ ನಿಗದಿಮಾಡಬೇಕು, ತಂತಿಯ ರಂಧ್ರ ಕೊರೆಯುವುದು ಪೇರಿಸುತ್ತ. ಆಮೇಲೆ ಬಂದ ಗ್ರೈಂಡರ್‌ಗೆ ನಮ್ಮ ಅಡುಗೆಮನೆಯಲ್ಲಿ ಬೇಕಾದಲ್ಲಿ ಪ್ಲಗ್ ಇಲ್ಲ, ಅದು ಊಟದ ಮೇಜಿನ ಪಕ್ಕ ರುಬ್ಬುತ್ತದೆ. ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಹಾಕಿಸಿ, ಒಗ್ಗರಣೆಯ ಜಿಡ್ಡನ್ನು ಪೈನ್ ಬಿಟ್ಟುಕೊಡುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಈ ಬೆಟ್ಟಗಳನ್ನು ಜಾಲಾಡಿದಾಗ ನಮ್ಮ ಜಲ್ಲಿ ಹಾದಿ ಕೊಚ್ಚಿಹೋಯಿತು, ಕರೆಂಟು ಹೋಯಿತು. ಮನೆಯೊಳಗೆ ಹನಿ ನೀರು ಬರಲಿಲ್ಲ.

ಸಕಲೇಶಪುರದಲ್ಲೋ ಕೊಡಗಿನಲ್ಲೋ ಇಂಥದ್ದು ಕಟ್ಟಬಹುದೇ ಎಂಬುದು ಚಿಕ್ಕಪ್ಪನ ಪ್ರಶ್ನೆ. ನನ್ನ ಸಲಹೆ: ಬೇಡ. ಆ ಮಳೆಗೆ, ಆ ಗೆದ್ದಲಿಗೆ ಪೈನ್ ಮರವನ್ನು ಒಡ್ಡುವುದಕ್ಕಿಂತ ಕಲ್ಲಿನ ಗೋಡೆಯ ಮೇಲೆ ಹಳೆಯ ಮನೆಯ ತೊಲೆ, ಕಂಬ ಕೊಂಡು ಕೂರಿಸುವುದು ಜಾಣತನ.

ಕಟ್ಟುವ ತಾಪತ್ರಯ ಬೇಡ, ಕಟ್ಟಿದ್ದನ್ನೇ ಕೊಳ್ಳುತ್ತೇವೆ ಎನ್ನುವವರು ದಬ್ಬಳ ಮತ್ತು ಸುತ್ತಿಗೆ ಒಯ್ಯಿರಿ. ಕೆಳಗಿನೆರಡು ಸಾಲು, ಕಿಟಕಿಯ ಅಡಿ, ಹೊರಚಾಚಿದ ತುದಿಗಳು, ಮರದ ಅಟ್ಟಣೆ ಗೋಡೆಗೆ ತಾಗುವ ಜಾಗ, ಇಲ್ಲೆಲ್ಲ ಮಾಲೀಕರನ್ನು ಕೇಳಿ ಚುಚ್ಚಿ ನೋಡಿ, ತಟ್ಟಿ ಕೇಳಿ. ಟೊಳ್ಳು ಸದ್ದು ಬಂದಲ್ಲಿ ಬೆಲೆಯ ಮಾತು ನಿಲ್ಲಿಸಿ. ನಾರ್ತ್ ಕ್ಯಾರೊಲೈನಾದಲ್ಲಿ ಮನೆ ಪರಿಶೀಲನೆಯ ಅವಧಿಗೆಂದು ಕೊಡುವ ಡ್ಯೂ ಡಿಲಿಜೆನ್ಸ್ ಶುಲ್ಕ ನೇರ ಮಾರುವವರ ಕೈಗೆ ಹೋಗುತ್ತದೆ, ನೀವು ಹಿಂದೆ ಸರಿದರೂ ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾಗಿ ದಬ್ಬಳದ ಕೆಲಸ ಆ ಶುಲ್ಕ ಕೊಡುವ ಮುನ್ನ ಮುಗಿದಿರಲಿ, ದಿಮ್ಮಿ ಮನೆ ಬಲ್ಲ ಇನ್ಸ್‌ಪೆಕ್ಟರ್‌ಗೆ ದಿನ ಗೊತ್ತುಮಾಡಿಕೊಂಡೇ ಸಹಿ ಹಾಕಿ.