ತಂಗಡಿ ತೊಗಟೆಯಲ್ಲಿ ಹದಗೊಂಡ ಮೇಕೆ ತೊಗಲು: ಮಳವಳ್ಳಿ ಸೀಮೆಯ ಒಂದು ಮನೆಯ ಕೆಲಸದ ವಿಮರ್ಶೆ

ಮೈಸೂರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುವ ನನಗೆ ತೆಳುವಾದ, ಬಣ್ಣ ಬಳಿಯದ ಮೇಕೆ ತೊಗಲು ಬೇಕಾಗುತ್ತದೆ. ಪೇಟೆಯಲ್ಲಿ ಸುಲಭವಾಗಿ ದೊರೆಯುವುದು ಬಹುಮಟ್ಟಿಗೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ಅದು ಮೃದುವಾಗಿರುವುದೇನೋ ನಿಜ, ಆದರೆ ಒದ್ದೆ ಮಾಡಿ ರಟ್ಟಿನ ಮೂಲೆಗೆ ಮಡಿಸಿದಾಗ ಮಡಿಕೆ ಕೂರುವುದಿಲ್ಲ, ಬಿಸಿ ಅಚ್ಚಿನ ಗುರುತನ್ನೂ ಚೆನ್ನಾಗಿ ಹಿಡಿಯುವುದಿಲ್ಲ. ಆದ್ದರಿಂದ ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಯಸ್ಸಾದ ದಂಪತಿಗಳು ಮನೆಯ ಹಿತ್ತಲಿನಲ್ಲಿಯೇ ಹಳೆಯ ಪದ್ಧತಿಯಂತೆ ಹದ ಮಾಡಿಕೊಡುವ ತೊಗಲನ್ನು ಕೆಲವು ಕಾಲದಿಂದ ಬಳಸುತ್ತಿದ್ದೇನೆ. ಇಂಥ ತೊಗಲನ್ನು ಕೊಳ್ಳಬೇಕೆಂದಿರುವವರಿಗೆ ಅದರ ಗುಣವೂ ಮಿತಿಯೂ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಸಿ ತೊಗಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನೀರೇ ಇರುವುದರಿಂದ, ಸುಲಿದ ಕೆಲವೇ ಗಂಟೆಗಳೊಳಗೆ ಉಪ್ಪು ಹಚ್ಚದಿದ್ದರೆ ಅದು ಕೊಳೆಯಲಾರಂಭಿಸುತ್ತದೆ. ಉಪ್ಪು ಹಚ್ಚಿ ತಂದ ತೊಗಲನ್ನು ಇವರು ನೀರಿನಲ್ಲಿ ನೆನೆಸಿ ತೊಳೆದು, ಕೂದಲಿನ ಬುಡ ಸಡಿಲವಾಗುವವರೆಗೆ ಸುಣ್ಣದ ನೀರಿನಲ್ಲಿ ಇಡುತ್ತಾರೆ. ಬಳಿಕ ಇಳಿಜಾರಾಗಿ ಒರಗಿಸಿದ ಮರದ ದಿಮ್ಮಿಯ ಮೇಲೆ ಹರಡಿ, ಮೊಂಡು ಕತ್ತಿಯಿಂದ ಕೂದಲನ್ನೂ, ಮಗುಚಿ ಹಾಕಿ ಹರಿತವಾದ ಕತ್ತಿಯಿಂದ ಮಾಂಸದ ಪೊರೆಯನ್ನೂ ಹೆರೆಯುತ್ತಾರೆ. ಒಳಗೆ ಉಳಿದ ಸುಣ್ಣವನ್ನು ತೆಗೆಯಲು ಹುಳಿ ಬಂದ ತೌಡಿನ ನೀರನ್ನು ಬಳಸುತ್ತಾರೆ. ಈ ಹಂತದಲ್ಲಿ ಅವಸರಪಟ್ಟರೆ ತೊಗಲು ಒಣಗಿದ ಮೇಲೆ ಪೆಡಸಾಗುತ್ತದೆ. ಇಷ್ಟಾದ ಮೇಲೆಯೇ ಹದ ಹಾಕುವ ಕೆಲಸ ಮೊದಲಾಗುವುದು. ತಂಗಡಿ ಎಂದೂ ಆವರಿಕೆ ಎಂದೂ ಕರೆಯುವ, ನಮ್ಮ ಬಯಲು ಸೀಮೆಯ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಗಿಡದ ತೊಗಟೆಯನ್ನು ಜಜ್ಜಿ ನೆನೆಸಿದ ಒಗರು ರಸದಲ್ಲಿ ತೊಗಲು ಮುಳುಗಿರಬೇಕು. ಮೊದಲು ಬಳಸಿ ತೆಳ್ಳಗಾದ ರಸ, ಆಮೇಲೆ ಗಟ್ಟಿಯಾದದ್ದು, ಕೊನೆಗೆ ಹೊಸ ತೊಗಟೆಯ ರಸ ಎಂಬ ಕ್ರಮವನ್ನು ಅವರು ತಪ್ಪಿಸುವುದಿಲ್ಲ. ಕಾರಣ ಕೇಳಿದಾಗ ಆ ಯಜಮಾನರು, “ಮೊದಲ್ನೇ ದಿನವೇ ಗಟ್ಟಿ ರಸಕ್ಕೆ ಹಾಕುದ್ರೆ ಮ್ಯಾಲೆ ಮಾತ್ರ ಹದ ಆಯ್ತದೆ ಸ್ವಾಮಿ, ಒಳಗೆ ಹಸೀನೇ ಉಳೀತದೆ” ಎಂದರು. ಗಟ್ಟಿ ರಸದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಮೇಲ್ಪದರದ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ತಟಕ್ಕನೆ ಬಿಗಿದು, ಒಳಕ್ಕೆ ಇಳಿಯುವ ದಾರಿಯನ್ನೇ ಮುಚ್ಚಿಬಿಡುತ್ತದೆ ಎಂಬ ರಸಾಯನಶಾಸ್ತ್ರದ ವಿವರಣೆಯೂ ಇದನ್ನೇ ಹೇಳುತ್ತದೆ. ಕೊನೆಯಲ್ಲಿ ಹೊಂಗೆ ಎಣ್ಣೆ ಸವರಿ, ನೆರಳಿನಲ್ಲಿ ಒಣಗಿಸಿ, ಕೈಯಿಂದ ಉಜ್ಜಿ ಎಳೆದು ಮೆದುಗೊಳಿಸುತ್ತಾರೆ. ಹೀಗೆ ಒಂದು ತೊಗಲು ಕೈಸೇರಲು ವಾರಗಳೇ ಬೇಕು.

ಹದ ಒಳಗಿನವರೆಗೆ ಮುಟ್ಟಿದೆಯೇ ಎಂದು ನೋಡುವುದಕ್ಕೆ ಅಂಚಿನಿಂದ ಒಂದು ಚೂರನ್ನು ಕತ್ತರಿಸಿದರೆ ಸಾಕು. ನಡುವೆ ಬಿಳಿಯ ಗೆರೆ ಕಂಡರೆ ಅಲ್ಲಿ ಹಸಿ ಉಳಿದಿದೆ ಎಂದರ್ಥ. ಈ ಮನೆಯ ತೊಗಲಿನಲ್ಲಿ, ದಪ್ಪವಾದ ಬೆನ್ನಿನ ಭಾಗದಲ್ಲಿಯೂ ಅಂಥ ಗೆರೆಯನ್ನು ನಾನು ಕಂಡಿಲ್ಲ. ಮೈ ಬಿಗಿಯಾಗಿದೆ, ಅಂಚು ಹೆರೆದು ತೆಳುಮಾಡುವಾಗ ಕತ್ತಿ ಸರಾಗವಾಗಿ ಓಡುತ್ತದೆ, ಒದ್ದೆ ತೊಗಲಿನ ಮೇಲೆ ಒತ್ತಿದ ಗೆರೆ ಒಣಗಿದ ಮೇಲೂ ಹಾಗೆಯೇ ನಿಲ್ಲುತ್ತದೆ. ಕೊರತೆಗಳೂ ಇಲ್ಲದಿಲ್ಲ. ಹೊಟ್ಟೆಯ ಭಾಗ ತೆಳ್ಳಗೆ, ಸಡಿಲವಾಗಿರುವುದು ಎಲ್ಲ ಮೇಕೆಗಳ ಸ್ವಭಾವ, ಅದನ್ನು ದೂರುವಂತಿಲ್ಲ. ಆದರೆ ಮಾಂಸದಂಗಡಿಯಲ್ಲಿ ಆತುರದಿಂದ ಸುಲಿದಾಗ ಬಿದ್ದ ಕತ್ತಿಯ ಗಾಯಗಳು ಹಲವು ತೊಗಲುಗಳಲ್ಲಿ ಇರುತ್ತವೆ. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಒಂದು ತೊಗಲಿನ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ಒಂದೇ ಬಣ್ಣದ ಹಲವು ಸಂಪುಟಗಳು ಬೇಕಾದವರಿಗೆ ಇದು ತಕ್ಕುದಲ್ಲ. ಒದ್ದೆಯಾಗಿರುವಾಗ ಕಬ್ಬಿಣ ತಗುಲಿದರೆ ಟ್ಯಾನಿನ್ನಿನೊಡನೆ ಸೇರಿ ಕಪ್ಪು ಕಲೆಯಾಗುತ್ತದೆ, ಕುದಿಯುವ ನೀರು ಬಿದ್ದರೆ ಮುರುಟಿಕೊಳ್ಳುತ್ತದೆ. ಬಳಸುವವರು ಈ ಎರಡನ್ನೂ ನೆನಪಿಡಬೇಕು.

ನನ್ನ ದೊಡ್ಡ ಆಕ್ಷೇಪಣೆ ಇರುವುದು ಬಾಳಿಕೆಯ ಬಗ್ಗೆ, ಮತ್ತು ಅದು ಈ ದಂಪತಿಗಳ ಕೈಕೆಲಸದ ದೋಷವಲ್ಲ, ತಂಗಡಿಯ ಗುಣ. ಇಂಗ್ಲೆಂಡಿನ ಗ್ರಂಥಾಲಯಗಳಲ್ಲಿ ಪುಸ್ತಕಗಳ ಹೊದಿಕೆ ಕೆಂಪು ಪುಡಿಯಾಗಿ ಉದುರತೊಡಗಿದಾಗ, 1900ರ ಸುಮಾರಿಗೆ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಮಿತಿಯೊಂದನ್ನು ನೇಮಿಸಿ ಕಾರಣವನ್ನು ಹುಡುಕಿಸಿತು. ತಂಗಡಿ ಸೇರಿರುವ ವರ್ಗದ ಟ್ಯಾನಿನ್‌ಗಳಿಂದ ಹದಗೊಂಡ, ನಮ್ಮ ದೇಶದಿಂದ ಹೋಗುತ್ತಿದ್ದ ಆಡು ಕುರಿಗಳ ತೊಗಲು, ದೀರ್ಘಕಾಲ ಉಳಿಯಬೇಕಾದ ಪುಸ್ತಕಗಳಿಗೆ ಯೋಗ್ಯವಲ್ಲವೆಂದು ಆ ಸಮಿತಿ ತೀರ್ಮಾನಿಸಿತು. ಗಾಳಿಯಲ್ಲಿನ ಗಂಧಕದ ಅನಿಲವನ್ನು ಇಂಥ ತೊಗಲು ಹೀರಿಕೊಂಡು, ಅದು ಒಳಗೆ ಆಮ್ಲವಾಗಿ ಎಳೆಗಳನ್ನು ತಿನ್ನುತ್ತದೆ. ಹದಕ್ಕೆ ಬಳಸುವ ಅಳಲೆಕಾಯಿಯ ಟ್ಯಾನಿನ್ ಬೇರೆ ವರ್ಗದ್ದು. ಈ ಕೇಡನ್ನು ಅದು ಹೆಚ್ಚು ತಾಳಿಕೊಳ್ಳುತ್ತದೆ. ಆದ್ದರಿಂದ ಲೆಕ್ಕದ ಪುಸ್ತಕ, ಕೈಚೀಲ, ಚಪ್ಪಲಿಯ ಪಟ್ಟಿ ಇವುಗಳಿಗೆ ತಂಗಡಿಯ ತೊಗಲನ್ನು ಧೈರ್ಯವಾಗಿ ಕೊಳ್ಳಬಹುದು. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕೆನ್ನುವ ಗ್ರಂಥಕ್ಕೆ ಅಳಲೆಯಲ್ಲಿಯೇ ಹದ ಮಾಡಿಕೊಡುವಂತೆ ಕೇಳಬೇಕು. ಅದು ಇನ್ನಷ್ಟು ನಿಧಾನ, ತೊಗಲೂ ತುಸು ಸಡಿಲವಾಗಿ ಬರುತ್ತದೆ. ಆದರೂ ಪುಸ್ತಕದ ದೃಷ್ಟಿಯಿಂದ ನಾನು ಅದನ್ನೇ ಆರಿಸುತ್ತೇನೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ಆರಿಸುವ ಅಳಲೆಕಾಯಿ ನಮ್ಮ ಭಾಗದ ಗ್ರಂಧಿಗೆ ಅಂಗಡಿಗಳಿಗೆ ಹೊಸದೇನಲ್ಲ.

ಬೆಲೆ ಪೇಟೆಯ ತೊಗಲಿಗಿಂತ ಸಾಕಷ್ಟು ಹೆಚ್ಚು. ಅದು ದುಬಾರಿಯೆಂದು ನನಗೆ ಅನಿಸಿಲ್ಲ. ಈ ಕಸುಬನ್ನು ಹುಟ್ಟಿನ ಕಾರಣಕ್ಕೆ ಕೆಲವರ ಮೇಲೆ ಹೊರಿಸಿ, ಅದನ್ನು ಮಾಡಿದ್ದಕ್ಕಾಗಿಯೇ ಅವರನ್ನು ಊರ ಹೊರಗಿಟ್ಟ ಸಮಾಜ ನಮ್ಮದು. ಅಂಥ ಮನೆಯ ಬಾಗಿಲಲ್ಲಿ ನಿಂತು, ವಾರಗಟ್ಟಲೆಯ ದುಡಿಮೆಗೆ ಚೌಕಾಸಿ ಮಾಡುವುದು ತಪ್ಪೆಂದು ನಾನು ತಿಳಿದಿದ್ದೇನೆ. ಇವರ ಮಗ ಈ ಕೆಲಸಕ್ಕೆ ಬಂದಿಲ್ಲ, ಬರಬೇಕೆಂದು ಹೇಳುವ ಹಕ್ಕೂ ಕೊಳ್ಳುವವರಿಗಿಲ್ಲ. ಬಳಸಿದ ತೊಗಟೆಯನ್ನು ಅವರು ತಿಪ್ಪೆಗೆ ಸೇರಿಸುತ್ತಾರೆ, ಸುಣ್ಣದ ನೀರನ್ನು ಕಾಲುವೆಗೆ ಬಿಡದೆ ಗುಂಡಿಯಲ್ಲಿ ಇಂಗಿಸುತ್ತಾರೆ. ತಮಿಳುನಾಡಿನ ಪಾಲಾರ್ ತೀರದ ಚರ್ಮದ ಕಾರ್ಖಾನೆಗಳು ಮಣ್ಣು ನೀರುಗಳನ್ನು ಕೆಡಿಸಿದ್ದಕ್ಕೆ 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಬೇಕಾಯಿತು ಎಂಬುದನ್ನು ಬಲ್ಲವರಿಗೆ ಈ ಎಚ್ಚರಿಕೆಯ ಬೆಲೆ ತಿಳಿದೀತು.

ತೊಗಲು ಬೇಕಾದವರು ಮಳೆಗಾಲ ಪೂರ್ತಿ ಮುಗಿದ ಮೇಲೆ ಕೇಳುವುದು ಮೇಲು, ಏಕೆಂದರೆ ತೇವದ ದಿನಗಳಲ್ಲಿ ಒಣಗುವುದು ತಡವಾಗಿ ಬೂಷ್ಟು ಹಿಡಿಯುತ್ತದೆ. ತಮ್ಮದೇ ತೊಗಲನ್ನು ಒಯ್ಯುವವರು ಕಟುಕರಿಗೆ ಮೊದಲೇ ಹೇಳಿ, ಗಾಯವಾಗದಂತೆ ಸುಲಿಸಿ, ಅಲ್ಲಿಯೇ ಧಾರಾಳವಾಗಿ ಕಲ್ಲುಪ್ಪು ಹಚ್ಚಿಸಿಕೊಂಡು ಹೋಗಬೇಕು. ಅಳಲೆಯ ಹದ ಬೇಕೆಂದಿದ್ದರೆ ತೊಗಲು ಸುಣ್ಣಕ್ಕೆ ಬೀಳುವ ಮೊದಲೇ ತಿಳಿಸಿ, ಕಾಯಿಯ ಹಣವನ್ನು ಮುಂಗಡವಾಗಿ ಕೊಡತಕ್ಕದ್ದು.