ಹ್ಯಾಬಿಟಿಕಾ ಆ್ಯಪ್: ಐದು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಆ್ಯಪ್ ನನಗೆ ತುಂಬಾ ಇಷ್ಟವಾಗಿದೆ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನೇ ಹ್ಯಾಬಿಟಿಕಾ ಒಂದು ಆಟ ಮಾಡಿಬಿಡುತ್ತದೆ. ನಿಮ್ಮದು ಅಂತ ಒಂದು ಪುಟ್ಟ ಗೊಂಬೆ, ಅದಕ್ಕೆ 50 ಪಾಯಿಂಟ್ ಜೀವ. ಕೆಲಸ ಮುಗಿಸಿ ಟಿಕ್ ಹಾಕಿದರೆ ಚಿನ್ನದ ನಾಣ್ಯ ಸಿಗುತ್ತದೆ, ನಿಧಾನಕ್ಕೆ ಲೆವೆಲ್ ಏರುತ್ತದೆ. ದಿನಾ ಮಾಡುತ್ತೇನೆ ಅಂತ ಹಾಕಿಕೊಂಡದ್ದನ್ನು ಬಿಟ್ಟರೆ ಜೀವ ಇಳಿಯುತ್ತದೆ. ಸೊನ್ನೆಗೆ ಬಂದರೆ ಒಂದು ಲೆವೆಲ್, ಕೂಡಿಟ್ಟ ಚಿನ್ನವೆಲ್ಲ, ಜೊತೆಗೆ ಕತ್ತಿಯೋ ಕವಚವೋ ಒಂದು ಹೋಗುತ್ತದೆ. 2013ರಲ್ಲಿ ಹ್ಯಾಬಿಟ್‌ಆರ್‌ಪಿಜಿ ಅನ್ನುವ ಹೆಸರಲ್ಲಿ ಶುರುವಾದದ್ದು. ಮುಖ್ಯವಾದದ್ದೆಲ್ಲ ಉಚಿತ, ನಾನು ಇಲ್ಲಿಯವರೆಗೆ ಒಂದು ರೂಪಾಯಿಯೂ ಕೊಟ್ಟಿಲ್ಲ.

ಇದಕ್ಕೂ ಮೊದಲು ಬೇರೊಂದು ಆ್ಯಪ್ ಬಳಸುತ್ತಿದ್ದೆ. ಎಷ್ಟು ದಿನ ತಪ್ಪದೆ ಮಾಡಿದೆ ಅನ್ನುವ ಲೆಕ್ಕವೇ ಅದರಲ್ಲಿ ಎಲ್ಲ. 41 ದಿನ ಆಗಿತ್ತು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ ಫೋನ್ ಮುಟ್ಟುವುದಕ್ಕೂ ಆಗಲಿಲ್ಲ, ಮರುದಿನ ನೋಡಿದರೆ ಸೊನ್ನೆ. ಅವತ್ತಿನಿಂದ ಅದನ್ನು ತೆರೆಯಲೇ ಇಲ್ಲ. ಒಳ್ಳೆಯ ಆಟ ಹೀಗೆ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪ ನ್ಯಾಷನಲ್ ಮಾರ್ಕೆಟ್‌ನಿಂದ ತಂದ ವಿಡಿಯೋ ಗೇಮ್‌ನಲ್ಲಿ ನಾನೂ ತಮ್ಮನೂ ಮಾರಿಯೋ ಆಡುತ್ತಿದ್ದೆವು. 1985ರ ಆಟ ಅದು. ಮೊದಲ ಲೆವೆಲ್‌ನಲ್ಲಿ ಅರ್ಧ ದಾಟಿದ ಮೇಲೆ ಸತ್ತರೆ ಮತ್ತೆ ಅರ್ಧದಿಂದಲೇ ಶುರು. ಅದಕ್ಕೇ ನಾವು ಮತ್ತೆ ಮತ್ತೆ ಆಡಿದ್ದು. ಹ್ಯಾಬಿಟಿಕಾದಲ್ಲಿ ಒಂದು ದಿನ ತಪ್ಪಿದರೆ ಸ್ವಲ್ಪ ಏಟು ಬೀಳುತ್ತದೆ, ಮಾಡಿದ್ದೆಲ್ಲ ಅಳಿಸಿ ಹೋಗುವುದಿಲ್ಲ. ಊರಿಗೆ ಹೋಗುವಾಗ, ಹುಷಾರಿಲ್ಲದಾಗ, ಏಟು ಬೀಳದ ಹಾಗೆ ನಿಲ್ಲಿಸಿ ಇಡಬಹುದು. ಟಿಕ್ ಹಾಕುವುದು ಮರೆತು ಮಲಗಿದ್ದರೆ ಬೆಳಗ್ಗೆ, ನಿನ್ನೆ ಇದನ್ನು ಮಾಡಿದ್ದಿರಾ ಅಂತ ಕೇಳುತ್ತದೆ. ಇದನ್ನು ಯೋಚಿಸಿ ಇಟ್ಟವರಿಗೆ ನಾನು ನಿಜವಾಗಿಯೂ ಋಣಿ.

ಆದರೆ ಕೆಲಸವನ್ನು ಹೇಗೆ ಬರೆದುಕೊಳ್ಳುತ್ತೀರಿ ಅನ್ನುವುದು ನಿಮ್ಮ ಕೈಯಲ್ಲೇ ಇದೆ, ನನಗೆ ಅದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಮೊದಲು ‘ಪರೀಕ್ಷೆಗೆ ಓದಬೇಕು’ ಅಂತ ಹಾಕಿದ್ದೆ. ದಿನಾ ಬಿಟ್ಟೆ, ದಿನಾ ಏಟು ತಿಂದೆ. ಮಾರಿಯೋ ಶುರುವಾದಾಗ ರಾಜಕುಮಾರಿಯನ್ನು ಬಿಡಿಸು ಅಂತ ಯಾರೂ ಹೇಳುವುದಿಲ್ಲ, ಎದುರಿಗೆ ಒಂದು ಅಣಬೆ ಥರದ್ದು ಮೆಲ್ಲಗೆ ನಡೆದು ಬರುತ್ತದೆ, ಅದರ ಮೇಲೆ ಹಾರಬೇಕು, ಅಷ್ಟೇ. ಹಾಗಾಗಿ ಅದನ್ನು ಅಳಿಸಿ ‘ಆರ್.ವಿ. ರೋಡ್‌ನಲ್ಲಿ ಮೆಟ್ರೋ ಹತ್ತಿದ ಮೇಲೆ ಜಿಎಸ್‌ಟಿ ನೋಟ್ಸ್ ನಾಲ್ಕು ಪುಟ’ ಅಂತ ಹಾಕಿದೆ. ಆಫೀಸ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹಳದಿ ಲೈನ್ ಬಂದಾಗಿನಿಂದ ಬಸ್ಸಿನಲ್ಲಿ ಒದ್ದಾಡುವುದು ತಪ್ಪಿದೆ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಎರಡು ಪುಟ ಆಗಿರುತ್ತದೆ. ಮನೆ ಕ್ಲೀನ್ ಮಾಡುವುದೂ ಹಾಗೇ, ಈಗ ‘ಅಟ್ಟದ ಮೇಲಿನ ಒಂದು ಡಬ್ಬ’ ಅಂತ ಇದೆ.

ಬಹುಮಾನವನ್ನೂ ನಾವೇ ಇಟ್ಟುಕೊಳ್ಳಬಹುದು. ವಿದ್ಯಾರ್ಥಿ ಭವನದ ಮಸಾಲೆ ದೋಸೆಗೆ 40 ನಾಣ್ಯ ಅಂತ ಇಟ್ಟಿದ್ದೇನೆ. ಭಾನುವಾರ ಗಾಂಧಿ ಬಜಾರಿನಲ್ಲಿ ಟೋಕನ್‌ಗೆ ಕಾಯುವಾಗ ಇದು ನಾನು ದುಡಿದ ದೋಸೆ ಅನ್ನಿಸುತ್ತದೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಗುಂಪು. ತಮ್ಮ ವೈಟ್‌ಫೀಲ್ಡ್‌ನಲ್ಲಿದ್ದಾನೆ, ಒಂದೇ ಊರಾದರೂ ತಿಂಗಳಿಗೊಮ್ಮೆ ನೋಡಿದರೆ ಹೆಚ್ಚು. ಅವನನ್ನೂ ಒಬ್ಬಳು ಗೆಳತಿಯನ್ನೂ ಸೇರಿಸಿಕೊಂಡೆ. ಗುಂಪಿಗೆ ಎದುರಾಗಿ ಒಂದು ರಾಕ್ಷಸ ಬರುತ್ತದೆ. ನಮಗೆ ಮೊದಲು ಸಿಕ್ಕಿದ್ದು ಬೇಸಿ-ಲಿಸ್ಟ್, ಮಾಡದೆ ಬಿಟ್ಟ ಕೆಲಸಗಳೆಲ್ಲ ಸೇರಿ ಹುಟ್ಟಿದ ಹಾವು, ಅದಕ್ಕೆ 100 ಪಾಯಿಂಟ್ ಜೀವ. ನಾವು ಕೆಲಸ ಮಾಡಿದಷ್ಟು ಅದಕ್ಕೆ ಏಟು. ನಾನು ದಿನದ ಕೆಲಸ ಬಿಟ್ಟರೆ ಅದು ಹೊಡೆಯುವುದು ನನ್ನೊಬ್ಬಳನ್ನಲ್ಲ, ಮೂವರನ್ನೂ. ಮೊದಲನೇ ವಾರ ರಾತ್ರಿ ಹನ್ನೊಂದಕ್ಕೆ ತಮ್ಮನ ಫೋನ್ ಬಂತು, ‘ಅಕ್ಕಾ, ನಿನ್ನ ವಾಕಿಂಗ್ ಬಾಕಿ ಇದ್ಯಾ? ನನಗೆ ಉಳಿದಿರೋದೇ ಆರು ಪಾಯಿಂಟ್’ ಅಂತ. ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ನಾಲ್ಕು ಸುತ್ತು ಹಾಕಿ ಬಂದೆ. ನನಗೋಸ್ಕರ ಆಗಿದ್ದರೆ ಖಂಡಿತ ಏಳುತ್ತಿರಲಿಲ್ಲ. ಈಗ ನಾವು ವಾರಕ್ಕೆ ಮೂರು ಸಲವಾದರೂ ಮಾತಾಡುತ್ತೇವೆ, ಶುರು ಆಟದಿಂದ, ಆಮೇಲೆ ಮನೆ ವಿಷಯ.

ಇಷ್ಟವಾಗದ್ದೂ ಇದೆ. ಮೊಟ್ಟೆ, ಸಾಕುಪ್ರಾಣಿ, ಟೋಪಿ ಅಂತ ಜಾಸ್ತಿ ಸಾಮಾನು, ಮೊದಲ ವಾರ ಯಾವುದು ಬೇಕು ಯಾವುದು ಬೇಡ ಅಂತ ತಿಳಿಯುವುದಿಲ್ಲ. ಸುಮ್ನೆ ಬಿಟ್ಟುಬಿಡಿ. ಮಾಡದೇ ಟಿಕ್ ಹಾಕಿದರೆ ಹಿಡಿಯುವವರೂ ಯಾರೂ ಇಲ್ಲ, ಹಾಗೆ ಮಾಡಿದರೆ ಎರಡೇ ದಿನದಲ್ಲಿ ಆಟದ ರುಚಿ ಹೋಗುತ್ತದೆ. ಮೂರಕ್ಕಿಂತ ಹೆಚ್ಚು ದಿನದ ಕೆಲಸ ಶುರುವಿಗೇ ಹಾಕಬೇಡಿ. ಮತ್ತೆ ಒಬ್ಬರೇ ಆಡಬೇಡಿ, ಒಬ್ಬರನ್ನಾದರೂ ಜೊತೆಗೆ ಎಳೆದುಕೊಳ್ಳಿ.

ಹೋದ ವಾರ ಅಮ್ಮನೂ ಸೇರಿದ್ದಾಳೆ. ಅವಳಿಗೆ ಇರುವುದು ಒಂದೇ ಕೆಲಸ, ರಾತ್ರಿಯ ಬಿಪಿ ಮಾತ್ರೆ. ತಾನು ಮರೆತರೆ ಮಕ್ಕಳಿಗೆ ಏಟು ಬೀಳುತ್ತದೆ ಅಂತ ಗೊತ್ತಾದ ಮೇಲೆ, ತಟ್ಟೆ ಎತ್ತಿಡುವ ಮೊದಲೇ ಮಾತ್ರೆ ಡಬ್ಬ ಹುಡುಕುತ್ತಾಳೆ.